ಶಿವಪ್ಪನಾಯಕನ ಶಿಸ್ತು

ಹೋದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದವರು ‘ಜೀವನದಲ್ಲಿ ಗುರಿ’ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದರು. ಕನ್ನಡ ಮೇಷ್ಟರಿಂದ ಯಾವ ವಿಷಯದ ಮೇಲಾದರೂ ಮಾತನಾಡಿಸಬಹುದೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ನಂಬಿಕೆ. ನಾನೂ ಏಕಲವ್ಯನನ್ನೂ ಅರ್ಜುನನು ಕಂಡ ಹಕ್ಕಿಯ ಕಣ್ಣನ್ನೂ ಎಳೆದು ತಂದು ಮುಕ್ಕಾಲು ಗಂಟೆ ಮಾತನಾಡಿದೆ. ಚಪ್ಪಾಳೆಯೂ ಆಯಿತು. ಹೊರಗೆ ಬರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಅಡಕೆ ತೋಟದ ಮನೆಯವನು, ಬಾಗಿಲ ಬಳಿ ನಿಂತು, “ಸರ್, ನಿಮ್ಮ ಗುರಿ ಏನು?” ಎಂದ. ಕುಹಕದಿಂದ ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದ್ದು. “ಆಮೇಲೆ ಹೇಳುತ್ತೇನೆ ಕಣೋ” ಎಂದು ಜಾರಿಕೊಂಡೆ.

ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲವೆಂದಲ್ಲ. ಎಂ.ಎ. ಮುಗಿಸಿದ ವರ್ಷ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆಯಬೇಕೆಂದು ನಿಶ್ಚಯಿಸಿದ್ದೆ. ಇಪ್ಪತ್ತು ವರ್ಷಗಳಾದವು. ಟಿಪ್ಪಣಿಯ ಪುಸ್ತಕ ಇನ್ನೂ ಇದೆ. ಅದರ ಮೊದಲ ಪುಟದಲ್ಲಿ ಗ್ರಂಥದ ಹೆಸರೂ ನನ್ನ ಹೆಸರೂ ಬಹಳ ಅಂದವಾಗಿ ಬರೆದಿವೆ. ಎರಡನೆಯ ಪುಟದಿಂದ ಮುಂದಕ್ಕೆ ಗೆದ್ದಲು ನನಗಿಂತ ಹೆಚ್ಚು ಕೆಲಸ ಮಾಡಿದೆ.

ಮುಂದಿನ ಭಾನುವಾರ ಮನಸ್ಸಿಗೆ ಸಮಾಧಾನವಿಲ್ಲದೆ ವರದಮೂಲಕ್ಕೆ ಹೋದೆ. ಸಾಗರದ ಸೀಮೆಯವರಿಗೆ ಪರಿಚಯದ ಸ್ಥಳವೇ. ತೋಟ, ಕಾಡು, ದೇವಸ್ಥಾನ, ಕೊಳ. ಇಲ್ಲಿ ಬೊಗಸೆಯಷ್ಟಾಗಿ ಹೊರಡುವ ವರದೆ ಬಡಗಣಕ್ಕೆ ಹರಿದು, ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಇಂಥ ಕಡೆ ನಿಂತು ‘ನದಿಯ ಹಾಗೆ ಗುರಿ ಮುಟ್ಟಬೇಕು’ ಎನ್ನುವುದು ಉಪನ್ಯಾಸಕರ ವಾಡಿಕೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಅಂದು ಮಾತ್ರ ಆ ಉಪಮೆ ಹಿಡಿಸಲಿಲ್ಲ. ಹೊಳೆಗೆ ಗುರಿ ಎಲ್ಲಿಯದು? ಅದಕ್ಕಿರುವುದು ಇಳಿಜಾರು. ಇಪ್ಪತ್ತು ವರ್ಷ ನಾನು ಇಳಿದದ್ದೂ ಹಾಗೆಯೇ.

ಹಿಂದಿರುಗುವಾಗ ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಹೋದೆ. ಈ ಗುಡಿಯ ನಡುಗಂಬಗಳ ನಡುವಣ ಅಂತರವನ್ನೇ ತೋಟದ ಭೂಮಿಯ ಅಳತೆಗೆ ಪ್ರಮಾಣವಾಗಿ ಇರಿಸಿಕೊಂಡಿದ್ದರೆಂದು ರೈಸ್ ಸಾಹೇಬರು ತಮ್ಮ ಗೆಝೆಟಿಯರಿನಲ್ಲಿ ಬರೆದಿದ್ದಾರೆ. ಅಳತೆಯ ಗಳ ಇಂದಿನ ಲೆಕ್ಕದಲ್ಲಿ ಹದಿನೆಂಟೂವರೆ ಅಡಿ. ಆ ಗಳದಿಂದ ಅಳೆದ ಜಾಗಕ್ಕೆ ದಾಯವೆಂದು ಹೆಸರು. ತೋಟದ ಕಂದಾಯ ಸಾವಿರ ದಾಯಕ್ಕೆ ಇಷ್ಟೆಂದು ಗೊತ್ತಾಗುತ್ತಿತ್ತು. ಗುಡಿಯ ಕಲ್ಲು ಕಂಬವನ್ನು ಯಾವ ಅಧಿಕಾರಿ ತಾನೇ ಹಿಂದೆ ಮುಂದೆ ಸರಿಸಿಯಾನು?

ಗದ್ದೆಯ ಲೆಕ್ಕ ಇದಕ್ಕಿಂತ ದೊಡ್ಡ ಕೆಲಸ. ಕೆಳದಿಯ ಶಿವಪ್ಪನಾಯಕ ಪಟ್ಟಕ್ಕೆ ಬಂದದ್ದು 1645ರಲ್ಲಿ, ತೀರಿಕೊಂಡದ್ದು 1660ರಲ್ಲಿ. ರಾಜಧಾನಿ ಆ ವೇಳೆಗೆ ಇಕ್ಕೇರಿಯಿಂದ ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋಗಿತ್ತು. ನ್ಯಾಯವಾದ ಕಂದಾಯ ಎಷ್ಟೆಂದು ತಿಳಿಯಲು ಅವನು ಪಂಡಿತರನ್ನು ಕೇಳಲಿಲ್ಲ. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರ ಮಾಡಿ, ಒಂದೊಂದು ತರದ ಗದ್ದೆಯನ್ನೂ ಅರಮನೆಯ ಖರ್ಚಿನಲ್ಲಿ ಒಂದೇ ಸಮನೆ ಹನ್ನೆರಡು ವರ್ಷ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜವೆಷ್ಟು, ಬಂದ ಬೆಳೆಯೆಷ್ಟು, ಪೇಟೆಯಲ್ಲಿ ಅದರ ಬೆಲೆಯೆಷ್ಟು ಎಂದು ಬರೆಸಿದ. ಸರಾಸರಿ ತೆಗೆದು, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಅರಮನೆಗೆ ನಿಗದಿ ಮಾಡಿದ. ಇದೇ ‘ಶಿವಪ್ಪನಾಯಕನ ಶಿಸ್ತು’.

ಹನ್ನೆರಡು ವರ್ಷ! ಆಳಿದ್ದೇ ಹದಿನೈದು. ಅದೂ ನೆಮ್ಮದಿಯ ಆಳ್ವಿಕೆಯಲ್ಲ. 1652ರಿಂದ 1654ರವರೆಗೆ ಕರಾವಳಿಯಲ್ಲಿ ಪೋರ್ಚುಗೀಸರೊಡನೆ ಕಾದಾಡಿ ಬಸರೂರು, ಗಂಗೊಳ್ಳಿ, ಹೊನ್ನಾವರಗಳನ್ನು ಅವರಿಂದ ಕಿತ್ತುಕೊಂಡ. ರಾಜ್ಯ ಕಳೆದುಕೊಂಡು ಬಂದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟ. ದಂಡು ಘಟ್ಟ ಇಳಿಯುತ್ತಿದ್ದಾಗಲೂ ಎಲ್ಲೋ ಒಬ್ಬ ಶಾನುಭೋಗ ಅಧಮಾಧಮ ಗದ್ದೆಯ ಬದುವಿನ ಮೇಲೆ ಕುಳಿತು ಆ ವರ್ಷದ ಭತ್ತದ ಲೆಕ್ಕ ಬರೆಯುತ್ತಿದ್ದನಷ್ಟೆ. ನನಗೆ ಕೋಟೆ ಹಿಡಿದ ಸಾಹಸಕ್ಕಿಂತ ಇದೇ ದೊಡ್ಡದಾಗಿ ಕಂಡಿತು.

ಇದು ದೊರೆಯ ಗುರಿ, ಗುಮಾಸ್ತನಿಗೋ ಮೇಷ್ಟರಿಗೋ ಇದರಿಂದ ಏನು ಎಂದು ಓದುಗರು ಕೇಳಬಹುದು. ದೊರೆಯ ಪ್ರೇರಣೆಯನ್ನಾದರೂ ನೋಡೋಣ. ಪ್ರಜೆಗಳ ಮೇಲಣ ಕರುಣೆಯೊಂದೇ ಅವನನ್ನು ನಡೆಸಿತೆಂದು ಹೇಳಲಾರೆ. ಯುದ್ಧಕ್ಕೆ ಹಣ ಬೇಕು, ರೈತ ಊರು ಬಿಟ್ಟು ಓಡದ ಹಾಗೆಯೂ ಇರಬೇಕು. ಈ ಇಕ್ಕಟ್ಟು ಅವನ ಬೆನ್ನ ಹಿಂದಿತ್ತು. ಪ್ರೇರಣೆ ಆಕಾಶದಿಂದಲೇ ಇಳಿಯಬೇಕೆಂದು ಕಾದವನು ನಾನು. ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಪದ್ಯ ಬರೆದು 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಕವನ್ನೂ ತಂದಿದ್ದ. 1924ರಲ್ಲಿ ಐರಿಷ್ ಕವಿ ಕಸಿನ್ಸ್ ‘ನಿನ್ನ ಭಾಷೆಯಲ್ಲಿ ಬರೆಯಬಾರದೇ’ ಎಂಬರ್ಥದ ಮಾತು ಹೇಳಿದರು. ಹುಡುಗನಿಗೆ ಮೊದಲು ಅದು ರುಚಿಸಲಿಲ್ಲವಂತೆ. ಆದರೆ ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಅವನೇ. ಒಂದು ಕಡೆ ಖಜಾನೆಯ ಇಕ್ಕಟ್ಟು, ಇನ್ನೊಂದು ಕಡೆ ಪರದೇಶದವನ ಒಂದು ಕಹಿ ಮಾತು.

ಕನ್ನಡ ಮೇಷ್ಟರ ಚಪಲ, ಮನೆಗೆ ಬಂದು ನಿಘಂಟು ತೆಗೆದೆ. ಶಿಸ್ತು ಎಂದರೆ ಇಂದು ನಮಗೆ ಕ್ರಮ, ಅಚ್ಚುಕಟ್ಟು, ಶಾಲೆಯಲ್ಲಿ ಸಾಲಾಗಿ ನಿಲ್ಲುವುದು. ಹಿಂದೆ ಅದು ನೆಲದ ಕಂದಾಯ. ಮರಾಠಿಯಲ್ಲಿ ಬಂದೂಕು ಹಿಡಿದವನು ಇಡುವ ಗುರಿಗೂ ಇದೇ ಮಾತು. ಮೂರೂ ಒಂದೇ ಬೇರಿನವು ಹೌದೋ ಅಲ್ಲವೋ, ಭಾಷಾಶಾಸ್ತ್ರಜ್ಞರು ಜಗಳವಾಡಿಕೊಳ್ಳಲಿ. ಗುರಿ, ಲೆಕ್ಕ, ಕ್ರಮ ಒಂದೇ ಶಬ್ದದ ಸೂರಿನಡಿ ಸೇರಿದ್ದು ಕಂಡು ಆ ರಾತ್ರಿ ನಿದ್ದೆ ಬರಲಿಲ್ಲ.

ಟಿಪ್ಪಣಿಯ ಪುಸ್ತಕದ ಮೊದಲ ಪುಟವನ್ನು ಹರಿದೆ. ದೊಡ್ಡ ಗ್ರಂಥದ ಮಾತು ಬಿಟ್ಟೆ. ‘ಕೆಳದಿನೃಪವಿಜಯ’ದಲ್ಲಿ ನೆಲ, ಅಳತೆ, ತೆರಿಗೆಗಳಿಗೆ ಸೇರಿದ ಶಬ್ದಗಳನ್ನು ಮಾತ್ರ, ದಿನಕ್ಕೆ ಎರಡು ಪುಟ ಓದಿ, ಬಂದ ಬಂದ ಹಾಗೆ ಬರೆದಿಡುವುದೆಂದು ಗೊತ್ತುಮಾಡಿಕೊಂಡೆ. ಎದುರಿನ ಅಂಚಿನಲ್ಲಿ ತಾರೀಖು. ಓದದ ದಿನ ಸೊನ್ನೆ. ಮೊದಲ ತಿಂಗಳಲ್ಲಿ ಒಂಬತ್ತು ಸೊನ್ನೆಗಳಿದ್ದವು, ಎರಡನೆಯದರಲ್ಲಿ ಹನ್ನೊಂದು. ಮನೆಯಾಕೆ ನೋಡಿ ನಕ್ಕಳು. ಶಿವಪ್ಪನಾಯಕನಿಗೂ ಮಳೆ ಕೈಕೊಟ್ಟ ವರ್ಷಗಳಿದ್ದಿರಬೇಕು. ಅವನ್ನೂ ಬರೆದದ್ದರಿಂದಲೇ ಸರಾಸರಿ ಸರಿಯಾಗಿ ಬಂದಿರಬೇಕು ಎಂದುಕೊಂಡು ಸೊನ್ನೆಗಳನ್ನು ಅಳಿಸದೆ ಬಿಟ್ಟೆ.

ಪಟ್ಟಿ ಈಗ ಮೂವತ್ತೊಂದನೆಯ ಪುಟದಲ್ಲಿದೆ. ಆ ಹುಡುಗ ಈ ವರ್ಷ ಕಡೆಯ ತರಗತಿಯಲ್ಲಿದ್ದಾನೆ. ಪರೀಕ್ಷೆ ಮುಗಿಸಿ ಹೊರಡುವುದರೊಳಗೆ ಅವನನ್ನು ಮನೆಗೆ ಕರೆದು ಪುಸ್ತಕ ತೋರಿಸಬೇಕು.