ಮಿದುಳಿನಲ್ಲಿ ನೆಲೆಸುವ ಕೃಮಿಕೋಶ

ನಾಯಿಯ ಕರುಳಿನ ಕ್ಷುದ್ರಕೃಮಿಯೊಂದರ ತತ್ತಿಯು ಮನುಷ್ಯನ ಹೊಟ್ಟೆಯನ್ನು ಸೇರಿದರೆ, ಪ್ರಾಯಶಃ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿದ ಹೈಡೇಟಿಡ್ ಕೋಶವಾಗಿ ಬೆಳೆಯುವುದು. ಈ ಸಂಬಂಧವನ್ನು ಜರ್ಮನಿಯ ಸೀಬೋಲ್ಡನು 1852ರಲ್ಲಿ ನಾಯಿಗಳಿಗೆ ಕೋಶಗಳನ್ನು ತಿನ್ನಿಸಿ ತೋರಿಸಿದನು. ಅಪೂರ್ವವಾಗಿ ಅದು ಮಿದುಳಿನಲ್ಲಿಯೂ ನೆಲೆಸುವುದುಂಟು. ಹಾಗೆ ಪೀಡಿತರಾಗುವವರು ಬಹುಮಟ್ಟಿಗೆ ಮಕ್ಕಳು. ಪಾಪ, ಶಸ್ತ್ರವೈದ್ಯನ ಸಂಕಟವಾದರೂ ಸಣ್ಣದೆ? ಕೋಶವು ಒಡೆದರೆ ಅದರ ನೀರಿನಲ್ಲಿರುವ ಕೃಮಿಶಿರಗಳು ಬೀಜದಂತೆ ಚೆದರಿ ಹೊಸ ಕೋಶಗಳನ್ನು ಹುಟ್ಟಿಸಬಲ್ಲುವು. ಕುರಿಗಳ ನಾಡಾದ ಆರ್ಜೆಂಟೀನದಲ್ಲಿ ಡೌಲಿಂಗನು 1929ರಲ್ಲಿ ಬೇರೊಂದು ಹಾದಿಯನ್ನು ಹಿಡಿದನು. ತಲೆಯನ್ನು ತಗ್ಗಿಸಿ, ಕೋಶಕ್ಕೂ ಮಿದುಳಿಗೂ ನಡುವೆ ಉಪ್ಪುನೀರನ್ನು ಮೆಲ್ಲನೆ ಹಾಯಿಸಿದರೆ ಕೋಶವು ಇಡಿಯಾಗಿ ಹೊರಜಾರುವುದು. ವೈದ್ಯರು ಇದನ್ನು ಕೋಶದ ಹೆರಿಗೆಯೆನ್ನುವುದು ಯುಕ್ತವೇ ಸರಿ. ಔಷಧಗಳು ಬಂದಮೇಲೂ ಈ ಕ್ರಮವು ರೂಢಿಯಲ್ಲಿದೆ.