ಕರಕುಶಲ ಸಹಕಾರಿ ಮಾರಾಟ ಮಳಿಗೆ

ಕರಕುಶಲ ಸಹಕಾರಿ ಮಾರಾಟ ಮಳಿಗೆ ಎಂದರೆ ಕೈಯಿಂದ ವಸ್ತುಗಳನ್ನು ತಯಾರಿಸುವ ಕುಶಲಕರ್ಮಿಗಳು ತಮ್ಮದೇ ಸಹಕಾರ ಸಂಘದ ಮೂಲಕ, ಅಥವಾ ಅಂತಹ ಸಂಘಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಯೊಂದರ ಮೂಲಕ, ಗ್ರಾಹಕರಿಗೆ ನೇರವಾಗಿ ಮಾರಾಟ ನಡೆಸುವ ಅಂಗಡಿ ಅಥವಾ ಪ್ರದರ್ಶನಾಲಯ. ದಲ್ಲಾಳಿ ಹಾಗೂ ಸಗಟು ವ್ಯಾಪಾರಿಗಳ ಕೈಗೆ ಹೋಗುವ ಲಾಭಾಂಶವನ್ನು ತಯಾರಕರಿಗೇ ಉಳಿಸುವುದು ಇದರ ಮೂಲ ಉದ್ದೇಶ. ಕರ್ನಾಟಕದಲ್ಲಿ ಕೈಮಗ್ಗದ ಬಟ್ಟೆಯ ವಿಷಯದಲ್ಲಿ ಈ ಪದ್ಧತಿ ಹೆಚ್ಚು ಬೆಳೆದಿದೆ. ಶಿವಮೊಗ್ಗ ಜಿಲ್ಲೆಯ ಚರಕ ಮಹಿಳಾ ಸಹಕಾರ ಸಂಘ ಮತ್ತು ಅದರ ಬಟ್ಟೆಗಳನ್ನು ಬೆಂಗಳೂರಿನ ಬಸವನಗುಡಿ ಮೊದಲಾದೆಡೆ ಮಾರುವ ‘ದೇಸಿ’ ಮಳಿಗೆಗಳು ಇದರ ಪರಿಚಿತ ಉದಾಹರಣೆಗಳು.

ಸರ್ಕಾರಿ ಎಂಪೋರಿಯಂಗಳಿಂದ ವ್ಯತ್ಯಾಸ

ಸಾಮಾನ್ಯ ಬಳಕೆಯಲ್ಲಿ ಸರ್ಕಾರಿ ಎಂಪೋರಿಯಂ, ಖಾದಿ ಭಂಡಾರ ಮತ್ತು ಸಹಕಾರಿ ಮಳಿಗೆ ಎಲ್ಲವನ್ನೂ ಒಂದೇ ಎಂದು ಭಾವಿಸುವುದುಂಟು. ಇದು ಸರಿಯಲ್ಲ. ‘ಕಾವೇರಿ’ ಹೆಸರಿನ ಮಳಿಗೆಗಳನ್ನು ನಡೆಸುವುದು 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ಕೈಮಗ್ಗದ ಬಟ್ಟೆಗಳ ‘ಪ್ರಿಯದರ್ಶಿನಿ’ ಮಳಿಗೆಗಳು 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮಕ್ಕೆ ಸೇರಿದವು. ಇವೆರಡೂ ರಾಜ್ಯ ಸರ್ಕಾರದ ಉದ್ಯಮಗಳಾಗಿದ್ದು, ಚನ್ನಪಟ್ಟಣದ ಬೊಂಬೆ ಮಾಡುವವರಾಗಲಿ ಬೀದರಿನ ಬಿದ್ರಿ ಕೆಲಸಗಾರರಾಗಲಿ ಇವುಗಳಿಗೆ ಸರಕು ಒದಗಿಸುವವರೇ ಹೊರತು ಒಡೆಯರಲ್ಲ. ಸಹಕಾರಿ ಮಳಿಗೆಯಲ್ಲಿ ಸದಸ್ಯರು ಷೇರು ಹಣ ಹೂಡಿರುತ್ತಾರೆ, ಆಡಳಿತ ಮಂಡಳಿಯನ್ನು ತಾವೇ ಚುನಾಯಿಸುತ್ತಾರೆ. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ರಾಜ್ಯದಲ್ಲಿ ಇಂತಹ ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಅಡಿಯಲ್ಲಿ ನೋಂದಣಿಯಾಗುತ್ತವೆ. ಸರ್ಕಾರದ ಹಸ್ತಕ್ಷೇಪ ಕಡಿಮೆಯಿರಲೆಂದು ರೂಪಿಸಿದ ಸೌಹಾರ್ದ ಸಹಕಾರಿ ಅಧಿನಿಯಮ, 1997 ಇನ್ನೊಂದು ದಾರಿ.

ಹಿನ್ನೆಲೆ

ಸಹಕಾರ ಚಳವಳಿಗೂ ಕರ್ನಾಟಕಕ್ಕೂ ಹಳೆಯ ನಂಟು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಆರಂಭಿಸಿದ ಸಂಘವನ್ನು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳ ಸಾಲಿನಲ್ಲಿ ಎಣಿಸಲಾಗುತ್ತದೆ. ಆದರೆ ಮೊದಲ ದಶಕಗಳ ಸಹಕಾರವು ಬಹುಮಟ್ಟಿಗೆ ಸಾಲದ ಸಹಕಾರವಾಗಿತ್ತು; ಕುಶಲಕರ್ಮಿಗಳ ಮಾರಾಟದ ಪ್ರಶ್ನೆ ಅದರಲ್ಲಿ ಪಕ್ಕಕ್ಕೆ ಉಳಿಯಿತು.

ಆ ಪ್ರಶ್ನೆಯನ್ನು ರಾಷ್ಟ್ರಮಟ್ಟದಲ್ಲಿ ಎತ್ತಿಕೊಂಡವರಲ್ಲಿ ಪ್ರಮುಖರು ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ. ದೇಶ ವಿಭಜನೆಯ ನಿರಾಶ್ರಿತರ ಪುನರ್ವಸತಿಯ ಹಿನ್ನೆಲೆಯಲ್ಲಿ ಅವರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ನಷ್ಟದಲ್ಲಿದ್ದ ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ ಆಡಳಿತವನ್ನು ಈ ಯೂನಿಯನ್ 1952ರಲ್ಲಿ ವಹಿಸಿಕೊಂಡಿತು. ಅದೇ ವರ್ಷ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯೂ ಕಮಲಾದೇವಿಯವರಿಗೆ ಬಂತು. ಕುಶಲಕರ್ಮಿಗೆ ಬೇಕಾದದ್ದು ದಾನವಲ್ಲ, ಮಾರುಕಟ್ಟೆ ಎಂಬುದು ಈ ಪ್ರಯತ್ನಗಳ ಹಿಂದಿನ ನಿಲುವು. ವಿಪರ್ಯಾಸವೆಂದರೆ, ಸಹಕಾರಿ ಯೂನಿಯನ್ ಮೇಲೆತ್ತಿದ ಆ ಎಂಪೋರಿಯಂ ಮುಂದೆ ಕೇಂದ್ರ ಸರ್ಕಾರದ ಉದ್ಯಮವಾಯಿತು.

ಬೆಂಗಳೂರಿನ ಪೇಟೆ ಮತ್ತು ಕೈಕಸುಬು

ಬೆಂಗಳೂರಿನ ಹಳೆಯ ಪೇಟೆಗಳು ಕಸುಬು ಮತ್ತು ಸರಕುಗಳ ಹೆಸರನ್ನೇ ಹೊತ್ತಿವೆ: ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಇಂಗ್ಲಿಷ್ ಹೆಸರು ತಳೆದ ಕಾಟನ್‌ಪೇಟೆಯೂ ಹತ್ತಿಯ ವ್ಯಾಪಾರವನ್ನೇ ನೆನಪಿಸುತ್ತದೆ. ಬೆಂಗಳೂರು ಕರಗದ ಮೆರವಣಿಗೆ ಭೇಟಿ ಕೊಡುವ ಹಜರತ್ ತವಕ್ಕಲ್ ಮಸ್ತಾನ್ ದರ್ಗಾ ಇರುವುದು ಇಲ್ಲಿಯೇ. 1884ರಲ್ಲಿ ಸ್ಥಾಪನೆಯಾಗಿ ನಂತರ ಬಿನ್ನಿ ಕಂಪನಿಯ ಆಡಳಿತಕ್ಕೆ ಒಳಪಟ್ಟ ಬಟ್ಟೆ ಗಿರಣಿ ಈ ಭಾಗಕ್ಕೆ ಸಮೀಪದಲ್ಲಿತ್ತು. ಗಿರಣಿ ಬಟ್ಟೆ, ಬಳಿಕ ವಿದ್ಯುತ್ ಮಗ್ಗದ ಬಟ್ಟೆ ಕಡಿಮೆ ಬೆಲೆಗೆ ದೊರೆಯತೊಡಗಿದಂತೆ ಪೇಟೆಯ ಕೈಮಗ್ಗಗಳು ಹಿಂದೆ ಸರಿದವು. ಕಬ್ಬನ್‌ಪೇಟೆಯಂತಹ ನೇಕಾರರ ಬೀದಿಗಳ ಚಹರೆಯೂ ಬದಲಾಯಿತು.

ಪೇಟೆಯ ಸಗಟು ವ್ಯಾಪಾರದ ನಿಯಮ ಸರಳ: ಕಡಿಮೆಗೆ ಕೊಳ್ಳುವುದು, ಹೆಚ್ಚು ಪ್ರಮಾಣದಲ್ಲಿ ಬೇಗ ಮಾರುವುದು. ಒಂದೊಂದೂ ಬೇರೆಯಾಗಿರುವ, ನಿಧಾನವಾಗಿ ತಯಾರಾಗುವ ಕೈವಸ್ತು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಕರಕುಶಲ ಮಳಿಗೆಗಳಿಗೆ ಹೆಚ್ಚು ಒಗ್ಗಿದ್ದು ಪೇಟೆಯ ಅಂಚಿನಾಚೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳೆದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು. ಸಹಕಾರ ಕ್ಷೇತ್ರಕ್ಕೆ ಬಂಡವಾಳ ಒದಗಿಸುವ ಕರ್ನಾಟಕ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕಿನ ಕೇಂದ್ರ ಕಚೇರಿಯೂ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿದೆ.

ಕಾರ್ಯವಿಧಾನ

ಸಹಕಾರಿ ಮಳಿಗೆಗೆ ಸರಕು ಬರುವುದು ಎರಡು ಬಗೆಯಲ್ಲಿ. ಮೊದಲನೆಯದರಲ್ಲಿ ಸಂಘವೇ ನೂಲು, ಮರ, ಅರಗು, ಬಣ್ಣ ಮೊದಲಾದ ಕಚ್ಚಾ ಸಾಮಗ್ರಿಯನ್ನು ಒದಗಿಸಿ, ಸದಸ್ಯರಿಗೆ ಕೂಲಿ ಅಥವಾ ಮಜೂರಿ ಕೊಟ್ಟು, ತಯಾರಾದ ವಸ್ತುವನ್ನು ತನ್ನದಾಗಿಸಿಕೊಳ್ಳುತ್ತದೆ. ನೇಕಾರ ಸಂಘಗಳಲ್ಲಿ ಇದೇ ರೂಢಿ. ಎರಡನೆಯದರಲ್ಲಿ ವಸ್ತು ಮಾರಾಟವಾಗುವವರೆಗೆ ಕುಶಲಕರ್ಮಿಯದೇ ಆಗಿರುತ್ತದೆ. ಮಾರಾಟವಾದ ಬಳಿಕ ಮಳಿಗೆ ತನ್ನ ಕಮಿಷನ್ ಕಳೆದು ಉಳಿದುದನ್ನು ಕೊಡುತ್ತದೆ. ಕುಂಬಾರಿಕೆ, ಚಿತ್ರ, ಕಸೂತಿ, ಆಭರಣಗಳಂತಹ ಬಿಡಿ ವಸ್ತುಗಳ ಪ್ರದರ್ಶನಾಲಯಗಳು ಇದನ್ನು ಹೆಚ್ಚು ಅನುಸರಿಸುತ್ತವೆ.

ಎರಡರ ನಡುವಿನ ವ್ಯತ್ಯಾಸವೆಂದರೆ ನಷ್ಟದ ಹೊರೆ ಯಾರ ತಲೆಯ ಮೇಲೆ ಎಂಬುದು. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ: ಮಳಿಗೆಯಲ್ಲಿ 500 ರೂಪಾಯಿಗೆ ಮಾರಾಟವಾಗುವ ಬೊಂಬೆಯ ಮೇಲೆ ಶೇಕಡಾ 30 ಕಮಿಷನ್ ಇದ್ದರೆ ತಯಾರಕನಿಗೆ 350 ರೂಪಾಯಿ ಬರುತ್ತದೆ. ಅದೇ ಬೊಂಬೆಗೆ ವ್ಯಾಪಾರಿ 200 ರೂಪಾಯಿ ಕೊಡುತ್ತಾನೆ ಎಂದಿಟ್ಟುಕೊಂಡರೂ ಆ ಹಣ ಇಂದೇ ಕೈಸೇರುತ್ತದೆ, ಕೆಲವೊಮ್ಮೆ ಮುಂಗಡವಾಗಿಯೂ ಸಿಗುತ್ತದೆ. ಮಳಿಗೆಯ 350 ರೂಪಾಯಿ ಬರಲು ಬೊಂಬೆ ಮೊದಲು ಮಾರಾಟವಾಗಬೇಕು. ವಾರದ ಸಂತೆಗೆ ಹಣ ಬೇಕಾದ ಮನೆಗೆ ಮೂರು ತಿಂಗಳ ನಂತರದ ಹೆಚ್ಚಿನ ಮೊತ್ತಕ್ಕಿಂತ ಇಂದಿನ ಕಡಿಮೆ ಮೊತ್ತವೇ ಅನಿವಾರ್ಯವಾಗುತ್ತದೆ. ಸಂಘದ ಸದಸ್ಯರೇ ಸಂಘವನ್ನು ಬದಿಗಿಟ್ಟು ವ್ಯಾಪಾರಿಗೆ ಮಾರುವುದಕ್ಕೆ ಮುಖ್ಯ ಕಾರಣ ಇದೇ ಹೊರತು ನಿಷ್ಠೆಯ ಕೊರತೆಯಲ್ಲ. ಆದ್ದರಿಂದ ಸರಕು ತಂದ ದಿನವೇ ಒಂದು ಭಾಗವನ್ನು ಪಾವತಿಸುವಷ್ಟು ದುಡಿಯುವ ಬಂಡವಾಳ ಸಂಘದ ಬಳಿ ಇದೆಯೇ ಎಂಬುದು ಅದರ ಉಳಿವಿನ ನಿರ್ಣಾಯಕ ಪ್ರಶ್ನೆಯಾಗುತ್ತದೆ.

ಬಂಡವಾಳ ಸಿಕ್ಕಿಬೀಳುವ ಇನ್ನೊಂದು ಜಾಗ ದಾಸ್ತಾನು. ಮಾರಾಟ ಹಬ್ಬದ ತಿಂಗಳುಗಳಲ್ಲಿ ಹಾಗೂ ಗಾಂಧಿ ಜಯಂತಿಯ ರಿಯಾಯಿತಿ ಅವಧಿಯಲ್ಲಿ ಏರುತ್ತದೆ. ಮಜೂರಿ ಮಾತ್ರ ವರ್ಷವಿಡೀ ಕೊಡಬೇಕು. ರಿಯಾಯಿತಿಯ ಮೊತ್ತವನ್ನು ಸರ್ಕಾರ ಭರಿಸುವ ಯೋಜನೆಗಳಲ್ಲಿ ಗ್ರಾಹಕನಿಗೆ ಸಂಘ ಮೊದಲೇ ಬಿಟ್ಟುಕೊಟ್ಟ ಹಣ ಹಿಂದಿರುಗಲು ಕಾಯಬೇಕಾಗುತ್ತದೆ.

ಚರಕ ಮತ್ತು ದೇಸಿ

ಚರಕವು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿರುವ ಮಹಿಳಾ ವಿವಿಧೋದ್ದೇಶ ಕೈಗಾರಿಕಾ ಸಹಕಾರ ಸಂಘ. ‘ಸಮುದಾಯ’ ರಂಗತಂಡದ ಸ್ಥಾಪಕರಲ್ಲಿ ಒಬ್ಬರಾದ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ಇದು 1996ರಲ್ಲಿ ಆರಂಭವಾಯಿತು. ನೀನಾಸಂ ಕಾರಣದಿಂದ ರಂಗಭೂಮಿಗೆ ಹೆಸರಾದ ಹೆಗ್ಗೋಡು ನೇಕಾರಿಕೆಗೆ ಹೆಸರಾದ ಊರಲ್ಲ. ಅಡಿಕೆ ತೋಟಗಳ ಸೀಮೆಯ ಗ್ರಾಮೀಣ ಮಹಿಳೆಯರು ಇಲ್ಲಿ ನೇಯ್ಗೆ, ಬಣ್ಣಗಾರಿಕೆ, ಅಚ್ಚು, ಹೊಲಿಗೆಗಳನ್ನು ಹೊಸದಾಗಿ ಕಲಿತರು. ಕುಲಕಸುಬಿನ ಮೇಲೆ ನಿಂತ ಇತರ ನೇಕಾರ ಸಂಘಗಳಿಂದ ಚರಕ ಬೇರೆಯಾಗುವುದು ಈ ಅಂಶದಲ್ಲಿ.

ಸಂಘದ ಬಟ್ಟೆಗಳು ನೈಸರ್ಗಿಕ ಬಣ್ಣಗಳಿಗಾಗಿ ಗುರುತಿಸಲ್ಪಡುತ್ತವೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕೆಂಗಂದು ಛಾಯೆಗಳನ್ನು ಕೊಡುತ್ತದೆ. ದಾಳಿಂಬೆ ಸಿಪ್ಪೆ ಮತ್ತು ನೀಲಿಯೂ ಬಳಕೆಯಲ್ಲಿವೆ. ಒಂದು ಸಲ ಅದ್ದಿದ ಬಣ್ಣ ಮತ್ತೊಂದು ಸಲಕ್ಕೆ ಯಥಾವತ್ತಾಗಿ ಬರುವುದಿಲ್ಲ. ದೊಡ್ಡ ಅಂಗಡಿಗಳು ಇದನ್ನು ದೋಷವೆಂದು ಎಣಿಸುತ್ತವೆ. ಗ್ರಾಹಕರಿಗೆ ಇದನ್ನು ವಿವರಿಸಬಲ್ಲ ಸ್ವಂತ ಮಳಿಗೆಯ ಅಗತ್ಯ ಹುಟ್ಟುವುದು ಇಲ್ಲಿಂದಲೇ.

ಮಾರಾಟದ ಹೊಣೆ ‘ದೇಸಿ’ ಟ್ರಸ್ಟಿನದು. ಹಳ್ಳಿಯ ಸಂಘ ಉತ್ಪಾದನೆ ನಡೆಸುವುದು, ನಗರದ ಪ್ರತ್ಯೇಕ ಸಂಸ್ಥೆ ಮಳಿಗೆ ನಡೆಸುವುದು ಇಲ್ಲಿಯ ವ್ಯವಸ್ಥೆ. ಬಸವನಗುಡಿಯ ಮಳಿಗೆ ಸೇರಿದಂತೆ ಬೆಂಗಳೂರಿನಲ್ಲೂ ಇತರ ನಗರಗಳಲ್ಲೂ ದೇಸಿ ಅಂಗಡಿಗಳು ತೆರೆದವು. ಜುಬ್ಬ, ಸೀರೆ, ರವಿಕೆ ಬಟ್ಟೆ, ಚೀಲಗಳು ಅಲ್ಲಿ ಮಾರಾಟವಾಗುವ ಮುಖ್ಯ ವಸ್ತುಗಳು. ಕನ್ನಡದ ಬರಹಗಾರರು, ರಂಗಕರ್ಮಿಗಳು, ಅಧ್ಯಾಪಕರ ನಡುವೆ ದೇಸಿ ಜುಬ್ಬ ಒಂದು ಬಗೆಯ ಗುರುತಾಗಿಯೂ ಬೆಳೆಯಿತು. ಇದು ಮಳಿಗೆಯ ಬಲವೂ ಹೌದು, ಮಿತಿಯೂ ಹೌದು.

2020ರಲ್ಲಿ, ಕೋವಿಡ್ ಕಾಲದ ಮಾರಾಟ ಕುಸಿತದ ನಡುವೆ, ಚರಕವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಘೋಷಿಸಿತು. ನಿರೀಕ್ಷಿತ ಸರ್ಕಾರಿ ನೆರವು ಕೈಸೇರದಿರುವುದನ್ನು ಸಂಸ್ಥೆ ಕಾರಣವಾಗಿ ಹೇಳಿತು. ಖಾಸಗಿ ವ್ಯಾಪಾರದಲ್ಲಿ ಕಷ್ಟವನ್ನು ಮುಚ್ಚಿಡುವುದು ರೂಢಿ. ಸಹಕಾರ ಸಂಘವೊಂದು ಅದನ್ನು ಗ್ರಾಹಕರ ಮುಂದೆ ಬಿಚ್ಚಿಟ್ಟದ್ದು ರಾಜ್ಯದಲ್ಲಿ ಸಾಕಷ್ಟು ಚರ್ಚೆಗೆ ಕಾರಣವಾಯಿತು. ಮುಂದೆ ಉತ್ಪಾದನೆ ಮತ್ತು ಮಾರಾಟ ಮತ್ತೆ ಮುಂದುವರಿದವು.

ಕರಾವಳಿಯ ನೇಕಾರ ಸಂಘಗಳು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಉಡುಪಿ ಸೀರೆಯನ್ನು ನೇಯುವುದು ಪ್ರಾಥಮಿಕ ನೇಕಾರರ ಸೇವಾ ಸಹಕಾರ ಸಂಘಗಳ ಸದಸ್ಯರು. ವಯಸ್ಸಾದ ನೇಕಾರರು ಮಾತ್ರ ಉಳಿದು ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಹೊತ್ತಿನಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘವು ಕದಿಕೆ ಟ್ರಸ್ಟಿನೊಂದಿಗೆ ಸೇರಿ ಪುನಶ್ಚೇತನಕ್ಕೆ ತೊಡಗಿತು. 1956ರವರೆಗೆ ಇದೇ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡಿನಲ್ಲೂ ನೇಕಾರರ ಸಹಕಾರ ಸಂಘವಿದ್ದು, ಅದರ ಕಾಸರಗೋಡು ಸೀರೆ ಭೌಗೋಳಿಕ ಸೂಚಿಕೆ ಪಡೆದಿದೆ. ನೆರೆಯ ತಮಿಳುನಾಡಿನ ಕೋ-ಆಪ್‌ಟೆಕ್ಸ್ 1935ರಲ್ಲಿ ಸ್ಥಾಪನೆಯಾದ ನೇಕಾರ ಸಂಘಗಳ ಒಕ್ಕೂಟ. ಬೆಂಗಳೂರಿನಲ್ಲೂ ಅದರ ಮಳಿಗೆಗಳಿವೆ.

ತೆರಿಗೆಯ ಪ್ರಶ್ನೆ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅನೇಕ ಕೈಉತ್ಪನ್ನಗಳು ಅದರ ವ್ಯಾಪ್ತಿಗೆ ಸೇರಿದವು. ವಾರ್ಷಿಕ ವಹಿವಾಟು ನಿಗದಿತ ಮಿತಿಗಿಂತ ಕಡಿಮೆಯಿರುವ ಒಬ್ಬಂಟಿ ಕುಶಲಕರ್ಮಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ನೂರಾರು ಜನ ಒಂದೇ ಸಂಘದ ಹೆಸರಿನಲ್ಲಿ ಮಾರಿದಾಗ ಒಟ್ಟು ವಹಿವಾಟು ಮಿತಿ ದಾಟುತ್ತದೆ. ಹೀಗೆ ಬಿಡಿಯಾಗಿದ್ದರೆ ತಗಲದ ತೆರಿಗೆ, ಒಗ್ಗೂಡಿದ ಕಾರಣಕ್ಕೆ ತಗಲುವಂತಾಯಿತು.

ಇದರ ವಿರುದ್ಧ ಗ್ರಾಮ ಸೇವಾ ಸಂಘದ ಆಶ್ರಯದಲ್ಲಿ ಕರ ನಿರಾಕರಣೆ ಸತ್ಯಾಗ್ರಹ ನಡೆಯಿತು. ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಬೇಕೆಂದು ಪ್ರಸನ್ನ 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೈಗೊಂಡರು. 2019ರಲ್ಲಿ ‘ಪವಿತ್ರ ಆರ್ಥಿಕತೆ’ಯ ಹೆಸರಿನಲ್ಲಿ ಮತ್ತೆ ಉಪವಾಸ ನಡೆಯಿತು. ತೆರಿಗೆಯಿಂದ ಪೂರ್ಣ ವಿನಾಯಿತಿ ಕೊಟ್ಟರೆ ಯಂತ್ರದ ಸರಕು ಕೈಉತ್ಪನ್ನದ ಹೆಸರಿನಲ್ಲಿ ನುಸುಳಬಹುದೆಂಬುದು ಇಂತಹ ಬೇಡಿಕೆಗೆ ಎದುರಾಗುವ ಆಕ್ಷೇಪ. 2025ರ ಸೆಪ್ಟೆಂಬರ್ 22ರಿಂದ ಹಲವು ಕರಕುಶಲ ವಸ್ತುಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ಇತರ ದೇಶಗಳಲ್ಲಿ

ಕೆನಡಾದ ಉತ್ತರ ಭಾಗದ ಕಿಂಗೈಟ್‌ನಲ್ಲಿ (ಹಿಂದಿನ ಕೇಪ್ ಡಾರ್ಸೆಟ್) ಇನುಯಿಟ್ ಜನರು 1959ರಲ್ಲಿ ನೋಂದಾಯಿಸಿದ ಸಹಕಾರ ಸಂಘವು ಕಲ್ಲಿನ ಶಿಲ್ಪ ಹಾಗೂ ಮುದ್ರಣ ಚಿತ್ರಗಳನ್ನು ಹೊರಜಗತ್ತಿಗೆ ಮಾರುತ್ತದೆ. ಅಮೆರಿಕದಲ್ಲಿ ಅಪಲೇಚಿಯನ್ ಬೆಟ್ಟಸೀಮೆಯ ಕುಶಲಕರ್ಮಿಗಳ ಸದರ್ನ್ ಹೈಲ್ಯಾಂಡ್ ಗಿಲ್ಡ್ 1930ರಿಂದಲೂ ನಡೆದುಬಂದಿದೆ. ಭಾರತದಲ್ಲಿ ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮ (1966) ಇದಕ್ಕೆ ಹತ್ತಿರದ ಪ್ರಯೋಗ. ಬಾಟಿಕ್‌ನಂತಹ ಕರಕುಶಲ ವಸ್ತುಗಳನ್ನು ಒಟ್ಟಾಗಿ ಮಾರಿ ಬಂದ ಹಣದಿಂದ ಕಲಾವಿದರು ಅಲ್ಲಿ ನೆಲೆ ಕಟ್ಟಿಕೊಂಡರು. ಮೈಸೂರಿನಲ್ಲಿ ಜನಿಸಿ ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಜಿ. ವಾಸುದೇವ್ ಆ ಗ್ರಾಮದ ಆರಂಭದ ಸದಸ್ಯರಲ್ಲೊಬ್ಬರು.

ಅಸಲಿಯತ್ತಿನ ಗುರುತುಗಳು

ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರುವುದು ಸಹಕಾರಿ ಮಳಿಗೆಗಳಿಗೆ ನೇರ ಹೊಡೆತ ಕೊಡುತ್ತದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985ರಲ್ಲಿ ಬಂತು. 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್, 2015ರಲ್ಲಿ ಇಂಡಿಯಾ ಹ್ಯಾಂಡ್‌ಲೂಮ್ ಬ್ರಾಂಡ್ ಜಾರಿಗೆ ಬಂದವು. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ಬಿದ್ರಿ, ಕಿನ್ನಾಳ ಮತ್ತು ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಭೌಗೋಳಿಕ ಸೂಚಿಕೆ ವಸ್ತುವಿನ ಊರನ್ನು ದೃಢಪಡಿಸುತ್ತದೆ. ತಯಾರಿಸಿದವರಿಗೆ ಎಷ್ಟು ಮಜೂರಿ ಸಂದಿದೆ ಎಂಬುದನ್ನು ಹೇಳುವುದಿಲ್ಲ. ಆ ಲೆಕ್ಕ ಸಿಗುವುದು ಸಂಘದ ವಾರ್ಷಿಕ ಮಹಾಸಭೆಯ ಮುಂದೆ ಇಡಬೇಕಾದ ಲೆಕ್ಕಪತ್ರದಲ್ಲಿ.