ರಟ್ಟಿನ ಬ್ಯಾಡ್ಜು: ನಮ್ಮೂರ ಚುನಾವಣೆಯ ಒಂದು ಪುಟ್ಟ ಚರಿತ್ರೆ

ಚುನಾವಣೆಯ ಇತಿಹಾಸವೆಂದರೆ ಗೆದ್ದವರ, ಸೋತವರ ಪಟ್ಟಿ ಎಂದೇ ನಾವು ಓದಿಕೊಂಡು ಬಂದಿದ್ದೇವೆ. ಆದರೆ ಹಳ್ಳಿಯ ಜನ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ರಟ್ಟಿನ ಬ್ಯಾಡ್ಜಿಗೂ ಒಂದು ಚರಿತ್ರೆಯಿದೆ.

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದಾಗ ಅವರ ಅಭಿಮಾನಿಗಳು ಕೋಟಿಗೆ ಹಿತ್ತಾಳೆಯ ಗುಂಡಿ ಹೊಲಿಸಿಕೊಂಡಿದ್ದರು. 1896ರ ಚುನಾವಣೆಯಲ್ಲಿ ಅಭ್ಯರ್ಥಿಯ ಭಾವಚಿತ್ರವಿದ್ದ, ಪಿನ್ನು ಹಚ್ಚಿದ ಬಿಲ್ಲೆಗಳು ಕಾರ್ಖಾನೆಯಿಂದಲೇ ಬಂದವು.

ನಮ್ಮಲ್ಲಿ ಮುಖಕ್ಕಿಂತ ಚಿಹ್ನೆಯೇ ಮುಖ್ಯವಾಯಿತು. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಮೊದಲ ಮಹಾಚುನಾವಣೆಯ ಮತದಾರರು 17 ಕೋಟಿಗೂ ಹೆಚ್ಚು. ಓದಲು ಬಾರದವರೂ ಗುರುತಿಸಲೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರ ಕಾಲದಲ್ಲಿ ಜೋಡೆತ್ತು, ಗುಡಿಸಲು, ಮರ, ದೀಪ ಇವೆಲ್ಲ ಚುನಾವಣೆಯ ಚಿಹ್ನೆಗಳಾದವು. ಕಾಂಗ್ರೆಸ್ 1969ರಲ್ಲಿ ಒಡೆದ ಮೇಲೆ ಜೋಡೆತ್ತು ಹೋಯಿತು. 1971ರಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹಸು-ಕರು ಬಂತು. 1978ರ ಒಡಕಿನ ನಂತರ ಬಂದದ್ದು ಕೈ. ಚಿಹ್ನೆ ಬದಲಾದಾಗಲೆಲ್ಲ ಊರಿನ ಜನ ಹೊಸದನ್ನು ಕಲಿಯಬೇಕಿತ್ತು.

1983ರ ಜನವರಿಯ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಹೈಸ್ಕೂಲು ಹುಡುಗ. ಬೋಗಾದಿ ಆಗಿನ್ನೂ ಹಳ್ಳಿ. ಪಕ್ಷದವರು ಕೊಡುತ್ತಿದ್ದ ಬ್ಯಾಡ್ಜು ಎಲ್ಲರಿಗೂ ಸಾಲುತ್ತಿರಲಿಲ್ಲ. ನಾವು ಹಳೆಯ ಲಗ್ನಪತ್ರಿಕೆಯ ಮೇಲೆ ಡಬ್ಬಿಯ ಮುಚ್ಚಳವಿಟ್ಟು ಗೆರೆ ಎಳೆದು ಕತ್ತರಿಸುತ್ತಿದ್ದೆವು. ಕರಪತ್ರದಲ್ಲಿನ ಚಿಹ್ನೆಯನ್ನು ಮೈದಾ ಅಂಟಿನಿಂದ ಅಂಟಿಸಿ, ಸೊಟ್ಟಗಾಗದಂತೆ ಕಲ್ಲು ಹೇರಿ ಒಣಗಿಸುತ್ತಿದ್ದೆವು. ಹಿಂದೆ ಒಂದು ಪಿನ್ನು. ಕರಪತ್ರ ಮುಗಿದರೆ ಕೈಯಲ್ಲೇ ಬರೆಯಬೇಕು. ಕೈ ಗುರುತು ಬರೆಯುವುದು ಸುಲಭ. ಜನತಾ ಪಕ್ಷದ ಚಕ್ರದೊಳಗಿನ ನೇಗಿಲು ಹೊತ್ತ ರೈತನನ್ನು ಬರೆಯಲು ಚಿತ್ರ ಬಲ್ಲ ಹುಡುಗನೇ ಬೇಕು. ಒಂದೇ ಜಗಲಿಯಲ್ಲಿ ಎರಡೂ ಪಕ್ಷದ ಬ್ಯಾಡ್ಜು ತಯಾರಾಗುತ್ತಿತ್ತು. ಅಂಟಿನ ಬಟ್ಟಲು ಮಾತ್ರ ಒಂದೇ. ಅಣ್ಣತಮ್ಮಂದಿರ ಮನೆಗಳಲ್ಲೇ ಎರಡು ಪಕ್ಷಗಳಿದ್ದವು. ಬೆಳಿಗ್ಗೆ ಜಗಳವಾಡಿದವರು ಸಂಜೆ ಒಂದೇ ಬಾವಿಯಲ್ಲಿ ನೀರು ಸೇದುತ್ತಿದ್ದರು. ಶಾಲೆಯ ಗೇಟಿನಲ್ಲಿ ಮಾತ್ರ ಮೇಷ್ಟ್ರು ಎಲ್ಲರ ಬ್ಯಾಡ್ಜನ್ನೂ ಬಿಚ್ಚಿಸುತ್ತಿದ್ದರು.

ನಮ್ಮಜ್ಜಿಗೆ ಅಕ್ಷರ ಬಾರದು. ಎರಡೂ ಬ್ಯಾಡ್ಜುಗಳನ್ನು ಅಂಗೈಯಲ್ಲಿಟ್ಟುಕೊಂಡು, ಯಾವುದು ಯಾರದೆಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು. ಮತ ಹಾಕಿ ಬಂದಮೇಲೆ, "ಯಾವುದಕ್ಕೆ ಒತ್ತಿದೆ ಅಜ್ಜಿ?" ಎಂದು ಕೇಳಿದೆ. "ಅದು ನಂಗೂ ಆ ಪೆಟ್ಟಿಗೆಗೂ ಗೊತ್ತು ಕಣ್ಲಾ" ಎಂದರು. ಗುಪ್ತ ಮತದಾನದ ಪಾಠವನ್ನು ನಾನು ಪೌರನೀತಿ ಪುಸ್ತಕಕ್ಕಿಂತ ಮೊದಲು ಕಲಿತದ್ದು ಹೀಗೆ. ಆ ಚುನಾವಣೆಯಿಂದ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಬ್ಯಾಡ್ಜು ಮಾಡಿದ ನಮಗೆ ಮತವಿರಲಿಲ್ಲ. ಆಗ ಮತದಾನದ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. ಈಗ ಪ್ರಚಾರದಲ್ಲಿ ಮಕ್ಕಳನ್ನು ಬಳಸಬಾರದೆಂದು ಚುನಾವಣಾ ಆಯೋಗವೇ ಹೇಳಿದೆ. ಅದು ಸರಿಯೇ. ಆದರೆ ಊರಿನ ಹಿರಿಯರಿಗೆ ಚಿಹ್ನೆ ತಿಳಿಸಿದ ಆ ರಟ್ಟಿನ ಚೂರುಗಳು ಯಾವ ಕಚೇರಿಯ ಕಡತದಲ್ಲೂ ಉಳಿದಿಲ್ಲ. ಹಳೆಯ ವಿದ್ಯಾರ್ಥಿಗಳು, ಗ್ರಾಮಸ್ಥರು ತಮ್ಮ ಟ್ರಂಕುಗಳನ್ನು ಒಮ್ಮೆ ತಡಕಿ ನೋಡಲಿ. ಒಂದೆರಡು ಸಿಕ್ಕರೂ ಸಾಕು, ಶಾಲೆಯ ಗಾಜಿನ ಬೀರುವಿನಲ್ಲಿ ಇಡೋಣ. ಯಾವ ಪಕ್ಷದ್ದಾದರೂ ಸರಿ, ಪಕ್ಕಪಕ್ಕದಲ್ಲೇ ಇಡೋಣ.